ಅಪ್‌ಡೇಟ್: ತಮ್ಮನಿಗೆ ಗಾಮಾ ನೈಫ್ ಆಯಿತು

ತಮ್ಮನ ಮೆದುಳಿನಲ್ಲಿ ಎವಿಎಂ ಇದೆ, ಅಂದರೆ ಅಪಧಮನಿಗಳು ನೇರವಾಗಿ ಅಭಿಧಮನಿಗಳಿಗೆ ಸೇರಿಕೊಂಡ ರಕ್ತನಾಳಗಳ ಗಂಟು. ತಲೆ ತೆರೆದು ಆಪರೇಷನ್ ಮಾಡಿಸಬೇಕಾ, ರೇಡಿಯೋಸರ್ಜರಿ (ಕೊಯ್ಯದೆ ವಿಕಿರಣದಿಂದ ಮಾಡುವ ಚಿಕಿತ್ಸೆ) ಸಾಕಾ ಅಂತ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಗಂಟು 3 ಸೆಂ.ಮೀ.ಗಿಂತ ಚಿಕ್ಕದು, ಆದರೆ ಆಳದಲ್ಲಿದೆ. ಅದಕ್ಕೇ ಡಾಕ್ಟರು ಗಾಮಾ ನೈಫ್ ಅನ್ನೋ ರೇಡಿಯೋಸರ್ಜರಿ ಆರಿಸಿದರು. ಹೆಸರಲ್ಲಿ ಚಾಕು ಇದ್ದರೂ ಕೊಯ್ಯುವುದಿಲ್ಲ. ಹಣೆಗೂ ತಲೆಯ ಹಿಂಭಾಗಕ್ಕೂ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಲೋಹದ ಫ್ರೇಮ್ ಅನ್ನು ಸ್ಕ್ರೂ ಹಾಕಿ ಬಿಗಿದರು. "ಇಂಜೆಕ್ಷನ್ ಉರಿಯಿತು, ಆಮೇಲೆ ತಲೆ ಒತ್ತಿ ಹಿಡಿದ ಹಾಗಿತ್ತು ಅಷ್ಟೇ" ಅಂದ. ಫ್ರೇಮ್ ಹಾಕಿಕೊಂಡೇ ಎಂಆರ್‌ಐ, ಆಂಜಿಯೋಗ್ರಾಮ್ (ಮೆದುಳಿನ ರಕ್ತನಾಳಗಳ ಎಕ್ಸ್-ರೇ) ಆಯಿತು. ಆಮೇಲೆ ಸುಮಾರು 200 ಕೋಬಾಲ್ಟ್-60 (ವಿಕಿರಣ ಸೂಸುವ ಲೋಹ) ಮೂಲಗಳ ಕಿರಣಗಳು ಗಂಟಿನ ಮೇಲೆ ಒಟ್ಟುಗೂಡುತ್ತವೆ. ಆಗ ಅವನಿಗೆ ಏನೂ ಗೊತ್ತಾಗಲಿಲ್ಲ.

ಮನೆಗೆ ಬಂದರೆ ಮುಗಿಯಿತು ಅಂತ ಮಾತ್ರ ಯಾರೂ ಅಂದುಕೊಳ್ಳಬೇಡಿ. ನಾಳಗಳ ಒಳಗೋಡೆ ನಿಧಾನವಾಗಿ ದಪ್ಪವಾಗಿ ಮುಚ್ಚಿಕೊಳ್ಳಲು ಸಾಮಾನ್ಯವಾಗಿ 2–3 ವರ್ಷ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ರಕ್ತಸ್ರಾವದ ಅಪಾಯ ಇದ್ದೇ ಇರುತ್ತದೆ. ನನಗೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಏಕಾಏಕಿ ಜೋರು ತಲೆನೋವು, ವಾಂತಿ, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಫಿಟ್ಸ್ ಮಾತ್ರೆ ಮುಂದುವರಿದಿದೆ. ಎಂಆರ್‌ಐಯಲ್ಲಿ ಗಂಟು ಮುಚ್ಚಿದಂತೆ ಕಂಡ ಮೇಲೆ ಆಂಜಿಯೋಗ್ರಾಮ್ ಮಾಡಿ ಖಚಿತ ಮಾಡುತ್ತಾರಂತೆ.