ಮಾರ್ಗರೆಟ್ ಪೆಗ್ಗಿ ಆಗಿದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಇಂಗ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಇಲ್ಲೊಬ್ಬರು ಅಜ್ಜಿ ಇದ್ದಾರೆ. ಫೈಲಿನಲ್ಲಿ ಮಾರ್ಗರೆಟ್ ಅಂತಿದೆ. ಹಾಗೆ ಕರೆದರೆ ತಿರುಗಿಯೂ ನೋಡುವುದಿಲ್ಲ. ಪೆಗ್ಗಿ ಅಂದರೆ ಮುಖ ಅರಳುತ್ತದೆ. ಮಾರ್ಗರೆಟ್‌ನಲ್ಲಿ 'ಪ' ಎಲ್ಲಿದೆ? ಈ ಹೆಸರಿಗೆ ಅರ್ಥ ಏನಾದರೂ ಇದೆಯಾ?

ಉತ್ತರ (ಇಂಗ್ಲಿಷ್ ಭಾಷೆಯ ಇತಿಹಾಸ ಕಲಿಸುವ ಅಧ್ಯಾಪಕಿ): ಅರ್ಥ ಮೊದಲು ಹೇಳಿಬಿಡುತ್ತೇನೆ. ಮುತ್ತು. ಗ್ರೀಕಿನಲ್ಲಿ ಮುತ್ತಿಗೆ ಮಾರ್ಗರೀಟೆಸ್ ಅನ್ನುತ್ತಿದ್ದರು. ಲ್ಯಾಟಿನ್‌ನಲ್ಲಿ ಅದು ಮಾರ್ಗರೀಟಾ ಆಯಿತು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. 1093ರಲ್ಲಿ ತೀರಿಕೊಂಡ ಸ್ಕಾಟ್ಲೆಂಡಿನ ರಾಣಿಯೊಬ್ಬರ ಹೆಸರೂ ಇದೇ. ಆಕೆಯನ್ನು ಸಂತಳೆಂದು ಪೂಜಿಸುತ್ತಾರೆ.

ಇನ್ನು 'ಪ'. ಮಾರ್ಗರೆಟ್ ಮೊದಲು ಮೆಗ್ ಆಯಿತು. ಮೆಗ್‌ಗೆ ಪ್ರಾಸವಾಗಿ ಪೆಗ್ ಬಂತು. ಕೊನೆಗೊಂದು ಮುದ್ದಿನ 'ಇ' ಸೇರಿ ಪೆಗ್ಗಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಹೆಸರುಗಳೇ ಕಡಿಮೆ. ಒಂದೇ ಊರಲ್ಲಿ ಒಂದೇ ಹೆಸರಿನವರು ಹತ್ತಾರು ಜನ. ಹಾಗಾಗಿ ಹೆಸರು ಮೊಟಕು ಮಾಡಿ, ಮೊದಲ ಅಕ್ಷರ ಬದಲಿಸಿ ಕರೆಯುತ್ತಿದ್ದರು. ರಾಬರ್ಟ್ ಎಂಬ ರಾಬ್ ಬಾಬ್ ಆದ, ರಿಚರ್ಡ್ ಎಂಬ ರಿಕ್ ಡಿಕ್ ಆದ, ಮುಂದೆ ವಿಲಿಯಂ ಎಂಬ ವಿಲ್ ಬಿಲ್ ಆದ. ಮೇರಿಯಿಂದ ಮಾಲಿ, ಮಾಲಿಯಿಂದ ಪಾಲಿ. ರಾಬರ್ಟ್‌ಗೆ ಹಾಬ್ ಅಂತಲೂ ಇತ್ತು. ಅದರ ಗುರುತು ಹಾಬ್ಸನ್ ಅನ್ನೋ ಮನೆತನದ ಹೆಸರಲ್ಲಿ ಉಳಿದಿದೆ.

ನನಗೆ ಜಾಸ್ತಿ ಇಷ್ಟವಾಗುವುದು ಈ 'ಮ' ಹೋಗಿ 'ಪ' ಬರುವ ಬಗೆ. ನಮ್ಮ ಅಕ್ಷರಮಾಲೆಯಲ್ಲಿ ಪ ಫ ಬ ಭ ಮ ಒಂದೇ ಸಾಲಿನಲ್ಲಿವೆ, ಅಲ್ವಾ? ಎಲ್ಲಕ್ಕೂ ಎರಡು ತುಟಿ ಸೇರಬೇಕು. ಮೆಗ್ ಅನ್ನಿ, ಆಮೇಲೆ ಪೆಗ್ ಅನ್ನಿ. ಬಾಯಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು: ಅಯ್ಯೋ, ನಮ್ಮಜ್ಜಿಯ ಹೆಸರೂ ಮುತ್ತಮ್ಮ! ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಅಷ್ಟು ಹಿರಿಯರನ್ನು ಸುಮ್ನೆ ಪೆಗ್ಗಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ತಪ್ಪಾಗಲ್ವಾ?

ಉತ್ತರ: ಖಂಡಿತ ತಪ್ಪಲ್ಲ. ಅವರು ಓಗೊಡುವ ಹೆಸರಿನಿಂದ ಕರೆಯುವುದೇ ಮರ್ಯಾದೆ. ಪೆಗ್ಗಿ ಆಶ್‌ಕ್ರಾಫ್ಟ್ ಅಂತ ದೊಡ್ಡ ರಂಗನಟಿ ಇದ್ದರು. ಅವರಿಗಿಟ್ಟ ಹೆಸರು ಈಡಿತ್ ಮಾರ್ಗರೆಟ್ ಎಮಿಲಿ. 1956ರಲ್ಲಿ ಡೇಮ್ ಬಿರುದು ಬಂದ ಮೇಲೂ ಎಲ್ಲರಿಗೂ ಡೇಮ್ ಪೆಗ್ಗಿಯೇ. ನೀವು ಒಂದು ಕೆಲಸ ಮಾಡಿ. ಫೈಲಿನಲ್ಲಿ ಮಾರ್ಗರೆಟ್ ಪಕ್ಕ ಪೆಗ್ಗಿ ಅಂತಲೂ ಬರೆಸಿ. ರಾತ್ರಿ ಪಾಳಿಗೆ ಬರುವ ಹೊಸಬರಿಗೂ ಗೊತ್ತಾಗಲಿ.