60 ಸಾವಿರ ಇದೆ: ಪಿಸಿ ಕಟ್ಟಿಸಲೋ, ಪಿಎಸ್5 (ಟಿವಿಗೆ ಜೋಡಿಸಿ ಆಡುವ ಸೋನಿ ಗೇಮ್ ಮೆಷಿನ್) ತಗೊಳ್ಳಲೋ? ಆಡಿದವರು ಅನುಭವ ಹೇಳಿ

ನವನಗರ ಹುಡುಗ (ಬಾಗಲಕೋಟೆ): ಇಷ್ಟು ದಿನ ಫೋನ್‌ನಲ್ಲೇ ಆಟ. ಈಗ ಕಥೆ ಇರುವ ದೊಡ್ಡ ಗೇಮ್ ಆಡಬೇಕು ಅನ್ನಿಸಿದೆ. 60 ಸಾವಿರ ಕೂಡಿಸಿದ್ದೇನೆ. ರೆಡ್ ಡೆಡ್ ರಿಡೆಂಪ್ಷನ್ 2, ಎಲ್ಡನ್ ರಿಂಗ್ ಎರಡರಲ್ಲಿ ಮೊದಲು ಯಾವುದು? ನಮ್ಮಲ್ಲಿ ಸಂಜೆ ಹೊತ್ತಿಗೆ ಕರೆಂಟ್ ಹೋಗುತ್ತೆ, ಅದನ್ನೂ ನೋಡಿ ಹೇಳಿ.

ಟಿಳಕವಾಡಿ ಪ್ಲೇಯರ್ (ಬೆಳಗಾವಿ): ತಮ್ಮಾ, ಪಿಎಸ್5 ತಗೋ. ಅದು ಭಾರತಕ್ಕೆ ಬಂದಿದ್ದು 2021ರ ಫೆಬ್ರುವರಿ 2ಕ್ಕೆ. ಆಗ ಡಿಸ್ಕ್ ಮಾಡೆಲ್‌ಗೆ 49,990 ಇತ್ತು. ಪ್ರಿ-ಆರ್ಡರ್ ಶುರುವಾಯಿತು ಅನ್ನುವಷ್ಟರಲ್ಲಿ ಖಾಲಿ. ಕೊನೆಗೆ ಒಬ್ಬ ಡೀಲರ್ 62,000 ಅಂದ. ಬೇಡ ಬೇಡ ಅಂದರೂ ಇನ್ನೊಂದು ಕಂಟ್ರೋಲರ್ ತಲೆಗೆ ಕಟ್ಟಿದ, ಅದಕ್ಕೆ 5,990. ಒಟ್ಟು 67,990! ಇವತ್ತಿಗೂ ಹೊಟ್ಟೆ ಉರಿಯುತ್ತೆ. ಆದರೆ ಮೆಷಿನ್ ಬಗ್ಗೆ ಒಂದು ಮಾತು ಕೆಟ್ಟದ್ದು ಹೇಳಲ್ಲ.

ಗಾಡ್ ಆಫ್ ವಾರ್ ರಾಗ್ನರಾಕ್ 4,999ಕ್ಕೆ ತಗೊಂಡೆ, ಮುಗಿಸಿ 3,200ಕ್ಕೆ ಮಾರಿದೆ. ಖರ್ಚು 1,799. ಅಪ್ಪ-ಮಗನ ಮಾತುಕತೆ ಎದೆಗೆ ತಾಗುತ್ತೆ. ಕೊಡಲಿ ಎಸೆದು ವಾಪಸ್ ಕರೆಸಿಕೊಂಡಾಗ ಕಂಟ್ರೋಲರ್ ಹಿಡಿದ ಕೈಯಲ್ಲಿ ಬರುವ ಆ ಅದುರು ಇದೆಯಲ್ಲ, ಅದಕ್ಕೇ ಅರ್ಧ ರೊಕ್ಕ ಕೊಡಬಹುದು. ಆದರೆ ಐರನ್‌ವುಡ್ ಭಾಗ ಎಳೆದೂ ಎಳೆದೂ ಸಾಕು ಮಾಡುತ್ತೆ. ಪಜಲ್ ನೋಡಿ ಯೋಚನೆ ಮಾಡೋಕೂ ಬಿಡಲ್ಲ, ಗೇಮ್‌ನಲ್ಲಿ ಜೊತೆಗಿರುವವನೇ ಉತ್ತರ ಹೇಳಿಬಿಡ್ತಾನೆ. 2018ರ ಗಾಡ್ ಆಫ್ ವಾರ್ ಇದಕ್ಕಿಂತ ಬಿಗಿಯಾಗಿತ್ತು.

ಗುಮ್ಮಟನಗರಿ (ವಿಜಯಪುರ): ಪಿಎಸ್5, ಪಿಎಸ್5! ಅಣ್ಣಾರ, ನೀವು ಹೇಳಿದ ಎರಡೂ ಗಾಡ್ ಆಫ್ ವಾರ್ ಈಗ ಪಿಸಿಯಲ್ಲೇ ಇವೆ. ಮೊದಲನೆಯದು 2022ರ ಜನವರಿಯಲ್ಲಿ ಬಂತು, ರಾಗ್ನರಾಕ್ 2024ರ ಸೆಪ್ಟೆಂಬರ್‌ನಲ್ಲಿ.

ನನ್ನ ಲೆಕ್ಕ ಕೇಳಿ. 2021ರಲ್ಲಿ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡಿಗೆ 38,500 ಕೊಟ್ಟೆ. ಬರೀ ಕಾರ್ಡಿಗೆ! ಆಗ ಮೈನಿಂಗ್ (ಕಂಪ್ಯೂಟರ್ ಓಡಿಸಿ ಕ್ರಿಪ್ಟೋ ನಾಣ್ಯ ಗಳಿಸೋದು) ಮಾಡುವವರು ಸಿಕ್ಕ ಕಾರ್ಡೆಲ್ಲ ಬಾಚಿಕೊಳ್ತಿದ್ದರು. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಮ್ ಅನ್ನೋ ಕ್ರಿಪ್ಟೋ ನಾಣ್ಯದ ಮೈನಿಂಗ್ ನಿಂತಿತು. ಆಮೇಲೆ ಅದೇ ಕಾರ್ಡನ್ನು ನನ್ನ ಗೆಳೆಯ ಸೆಕೆಂಡ್ ಹ್ಯಾಂಡ್‌ನಲ್ಲಿ 11,000ಕ್ಕೆ ತಂದ. ಅವನ ಮುಂದೆ ಆ ವಿಷಯ ಇವತ್ತೂ ಎತ್ತಲ್ಲ. ಮೇಲೆ ನಮ್ಮೂರಿನ ಬಿಸಿಲು, ಧೂಳು. ಏಪ್ರಿಲ್‌ನಲ್ಲಿ ಕಾರ್ಡ್ 84 ಡಿಗ್ರಿ ಮುಟ್ಟಿತು. ತಣ್ಣಗಿಡೋಕೆ ಥರ್ಮಲ್ ಪೇಸ್ಟ್ 650, ಎರಡು ಫ್ಯಾನ್ 1,400, ಬ್ಲೋವರ್ 1,100.

ಇಷ್ಟಾದರೂ ರೆಡ್ ಡೆಡ್ 2 ಆಡಿದ ಮೇಲೆ ಎಲ್ಲ ಮರೆತೆ. ಅದರ ನಾಯಕ ಆರ್ಥರ್ ಮಾರ್ಗನ್‌ನಂಥ ಮನುಷ್ಯನನ್ನು ಬೇರೆ ಯಾವ ಗೇಮ್‌ನಲ್ಲೂ ನೋಡಿಲ್ಲ. ನಿಧಾನ ಅಂತಾರೆ. ಹೌದು, ನಿಧಾನವೇ. ಜಿಂಕೆ ಚರ್ಮ ಸುಲಿಯೋದನ್ನೂ ಪೂರ್ತಿ ನೋಡಬೇಕು. ಕುದುರೆ ಸತ್ತಾಗ ಅಳು ಬಂತು ನನಗೆ. ಡಿಸ್ಕ್‌ನಲ್ಲಿ 150 ಜಿಬಿ ಜಾಗ ಬೇಕು, ನೆನಪಿಡಿ.

ಟಿಳಕವಾಡಿ ಪ್ಲೇಯರ್: ಗುಮ್ಮಟನಗರಿ ಅವರೇ, ನನ್ನ ಗೇಮ್ ಹಿಡಿಸದಿದ್ದರೆ ಡಿಸ್ಕ್ ಮಾರುತ್ತೇನೆ. ನೀವೇನು ಮಾರುತ್ತೀರಿ?

ಗುಮ್ಮಟನಗರಿ: ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿಫಂಡ್ ಇದೆ. ಕೊಂಡು 14 ದಿನದೊಳಗೆ ಕೇಳಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು.

ಟಿಳಕವಾಡಿ ಪ್ಲೇಯರ್: ನಿಮ್ಮ ರೆಡ್ ಡೆಡ್‌ನಲ್ಲಿ 2 ಗಂಟೆ ಅಂದರೆ ಶುರುವಿನ ಹಿಮದ ಭಾಗದಿಂದ ಆಚೆಗೇ ಬಂದಿರಲ್ಲ. ಅಷ್ಟರಲ್ಲಿ ಆ ಗೇಮ್ ಹಿಡಿಸಿತೋ ಇಲ್ಲವೋ ಯಾರಿಗೆ ಗೊತ್ತಾಗುತ್ತೆ? ಸುಮ್ನೆ ಹುಡುಗನ ದಾರಿ ತಪ್ಪಿಸಬೇಡಿ.

ಇಳಕಲ್ ಅಕ್ಕ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಕರೆಂಟ್ ಹೋಗುತ್ತೆ ಅಂದಿದ್ದಾನೆ, ಅದನ್ನು ಒಬ್ಬರೂ ಓದಿಲ್ಲ. ನನ್ನದು ಹಳೆ ಲ್ಯಾಪ್‌ಟಾಪ್. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಆದರೆ ಬ್ಯಾಟರಿ ಇದೆ. ಹಾಲೋ ನೈಟ್ 500 ರೂಪಾಯಿ ಒಳಗೆ ಸಿಕ್ಕಿತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಬೆರಳೆಣಿಕೆ ಜನ ಸೇರಿ ಮಾಡಿದ ಗೇಮ್ ಅದು, 2017ರಲ್ಲಿ ಬಂತು. ಮ್ಯಾಪ್ ಕೂಡ ನಾವೇ ಹುಡುಕಿ ಕೊಳ್ಳಬೇಕು. ದಾರಿ ತಪ್ಪುವುದರಲ್ಲೇ ಅದರ ರುಚಿ. ಮುಂದಿನದು ಸಿಲ್ಕ್‌ಸಾಂಗ್, 2025ರ ಸೆಪ್ಟೆಂಬರ್ 4ಕ್ಕೆ ಬಂತು. ಅದು ಅಷ್ಟು ಹಿಡಿಸಲಿಲ್ಲ. ಎಷ್ಟೋ ಶತ್ರುಗಳ ಒಂದೇ ಪೆಟ್ಟಿಗೆ ಎರಡು ಮಾಸ್ಕ್ (ಅದರಲ್ಲಿ ಜೀವದ ಲೆಕ್ಕ) ಹೋಗುತ್ತೆ. ಕಷ್ಟ ಕೊಡಲಿ, ಆದರೆ ಶುರುವಿನಲ್ಲೇ ಯಾಕೆ?

ಎಲ್ಡನ್ ರಿಂಗ್ ತಮ್ಮನ ಮೆಷಿನ್‌ನಲ್ಲಿ ಆಡಿದ್ದೇನೆ. ಹೊರಗೆ ಕಾಲಿಟ್ಟ ಕೂಡಲೇ ಬಂಗಾರದ ಕುದುರೆ ಸವಾರ ಹೊಡೆದು ಹಾಕ್ತಾನೆ. ಈಸಿ ಮೋಡ್ ಇಲ್ಲ. ಆಟವನ್ನು ನಡುವೆ ನಿಲ್ಲಿಸಿಡುವ ಪಾಸ್ ಬಟನ್ನೂ ಇಲ್ಲ. ಒಲೆ ಮೇಲೆ ಹಾಲಿಟ್ಟು ಆಡುವ ಗೇಮ್ ಅಲ್ಲ ಅದು. ಕಥೆ ಬೇಕು ಅನ್ನುವವನಿಗೆ ಮೊದಲು ಅದನ್ನು ಕೊಡಬೇಡಿ. ಕಥೆಯೆಲ್ಲ ಸಾಮಾನುಗಳ ವಿವರಣೆಯಲ್ಲಿ ಚೂರುಚೂರಾಗಿ ಇದೆ.

ಗುಮ್ಮಟನಗರಿ: ಅಕ್ಕಾ, ಆ ಸವಾರನ ಜೊತೆ ಹೊಡೆದಾಡಲೇಬೇಕು ಅಂತ ಇಲ್ಲ. ಪಕ್ಕದಿಂದ ಸುತ್ತಿ ಹೋಗಿ, ಲೆವೆಲ್ ಏರಿಸಿಕೊಂಡು ಬರೋದು. ಅದನ್ನು ಕಲಿಸೋಕೇ ಅವನನ್ನು ಅಲ್ಲಿ ನಿಲ್ಲಿಸಿದ್ದಾರೆ.

ಇಳಕಲ್ ಅಕ್ಕ: ಗೊತ್ತಿದೆ ರೀ. ಸುತ್ತಿಯೇ ಹೋದೆ. ಹಿಡಿಸಲಿಲ್ಲ ಅಂದರೆ ಆಡೋಕೆ ಬರಲ್ಲ ಅಂತ ಅರ್ಥ ಮಾಡಬೇಡಿ.

ಗೋಕಾಕ ಸ್ಕ್ವಾಡ್: ಫೋನ್‌ನಲ್ಲಿ ಆಡೋದು ಆಟವೇ ಅಲ್ಲ ಅನ್ನೋ ಹಾಗೆ ಮಾತಾಡ್ತಿದ್ದೀರಲ್ಲ ಎಲ್ಲರೂ! ಪಬ್‌ಜಿ 2020ರ ಸೆಪ್ಟೆಂಬರ್ 2ಕ್ಕೆ ಬ್ಯಾನ್ ಆಯಿತು. ಅದರ ಭಾರತದ ಆವೃತ್ತಿ ಬಿಜಿಎಂಐ 2021ರ ಜುಲೈನಲ್ಲಿ ಬಂತು, ಮರುವರ್ಷ ಜುಲೈನಲ್ಲಿ ಅದೂ ಸ್ಟೋರ್‌ನಿಂದ ಹೋಯಿತು, 2023ರ ಮೇನಲ್ಲಿ ತಿರುಗಿ ಬಂತು. ಇಷ್ಟೆಲ್ಲ ಆದರೂ ನಮ್ಮ ನಾಲ್ವರ ಸ್ಕ್ವಾಡ್ ಒಡೆದಿಲ್ಲ. ಒಬ್ಬ ಪುಣೆಯಲ್ಲಿದ್ದಾನೆ, ಒಬ್ಬ ದುಬೈಯಲ್ಲಿ. ರಾತ್ರಿ ಮೈಕ್ ಆನ್ ಮಾಡಿದರೆ ಊರ ಕಟ್ಟೆ ಮೇಲೆ ಕೂತ ಹಾಗೆ. ಒಬ್ಬನೇ ಕೂತು ಜಿಂಕೆ ಚರ್ಮ ಸುಲಿಯೋದರಲ್ಲಿ ಏನಿದೆ? 60 ಸಾವಿರ ಬೇಡ, 25 ಸಾವಿರದ ಒಳ್ಳೆ ಫೋನ್ ಸಾಕು.

ಟಿಳಕವಾಡಿ ಪ್ಲೇಯರ್: ಫೋನ್ ಸಾಕಾಗಿದ್ದರೆ ಹುಡುಗ ಇಲ್ಲಿ ಯಾಕೆ ಕೇಳ್ತಿದ್ದ? ಸ್ಕ್ವಾಡ್ ಬೇಕು ಅಂದರೆ ಮನೆಯಲ್ಲಿ ನಾಲ್ಕು ಜನ ಸೇರಿ ಕ್ರಿಕೆಟ್ 24 ಆಡಿ.

ಗೋಕಾಕ ಸ್ಕ್ವಾಡ್: ಕ್ರಿಕೆಟ್ 24? 2006ರ ಇಎ ಕ್ರಿಕೆಟ್ 07ಗೆ ಜನ ಇನ್ನೂ ಹೊಸ ಆಟಗಾರರ ಪ್ಯಾಚ್ ಹಾಕಿ ಆಡ್ತಾರೆ. ಕವರ್ ಡ್ರೈವ್‌ನ ಆ ಮಜಾ ಆಮೇಲೆ ಬಂದ ಯಾವುದರಲ್ಲೂ ಇಲ್ಲ.

ಟಿಳಕವಾಡಿ ಪ್ಲೇಯರ್: ಅದರಲ್ಲಿ ಒಂದೇ ಶಾಟ್‌ಗೆ ಎಲ್ಲ ಬಾಲೂ ಬೌಂಡರಿ. ಅದು ಕ್ರಿಕೆಟ್ ಅಲ್ಲ. ಕ್ರಿಕೆಟ್ 24ರಲ್ಲಿ ಟೆಸ್ಟ್ ಉಳಿಸಿಕೊಳ್ಳೋಕೆ ಬೆವರು ಸುರಿಸಬೇಕು. ಫೀಲ್ಡರ್‌ಗಳು ಪೆದ್ದರು, ಅದು ಒಪ್ಪುತ್ತೇನೆ.

ನವನಗರ ಹುಡುಗ: ಅಣ್ಣಾರ, ಯುಪಿಎಸ್ ಎಷ್ಟರದು ಬೇಕು ಅಂತ ಯಾರಾದರೂ ಹೇಳ್ತೀರಾ? ಮನೆಯಲ್ಲಿ ಇನ್ವರ್ಟರ್ ಇದೆ.

ಗುಮ್ಮಟನಗರಿ: 600 ವಿಎ ತಗೋಬೇಡ ತಮ್ಮಾ. ಅದು 360 ವ್ಯಾಟ್ ಅಷ್ಟೆ. ನಾನು 3,100 ಕೊಟ್ಟು ತಂದಿದ್ದು ಗೇಮ್ ಜೋರಾದ ಹೊತ್ತಿಗೇ ಕೀಂ ಅಂತ ಕೂಗಿ ಆಫ್ ಆಗ್ತಿತ್ತು. ಕೊನೆಗೆ ಪ್ಯೂರ್ ಸೈನ್‌ವೇವ್ 1 ಕೆವಿಎಗೆ 9,800 ಹೋಯಿತು. ನಿಮ್ಮ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡು. ಇದ್ದರೆ ಕರೆಂಟ್ ಬದಲಾಗುವಾಗ ಪಿಸಿ ರೀಸ್ಟಾರ್ಟ್ ಆಗದೇ ಇರಬಹುದು. ಮೊದಲು ಅದನ್ನು ಟೆಸ್ಟ್ ಮಾಡು.

ಟಿಳಕವಾಡಿ ಪ್ಲೇಯರ್: ಆ 9,800 ಸೇರಿಸಿದರೆ 60 ಸಾವಿರದಲ್ಲಿ ಪಿಸಿಗೆ ಉಳಿಯೋದು 50,200. ಮಾನಿಟರ್ ಬೇರೆ. ಅದೇ ಇನ್ವರ್ಟರ್ ಮೇಲೆ ಪಿಎಸ್5 ಆಡಬಹುದು, ಸುಮಾರು 200 ವ್ಯಾಟ್ ಎಳೆಯುತ್ತೆ ಅಷ್ಟೆ. ನಾನು ಹಾಗೇ ಆಡೋದು.

ಗುಮ್ಮಟನಗರಿ: ಟಿವಿ ನಿಮ್ಮ ಲೆಕ್ಕದಲ್ಲಿ ಪುಕ್ಕಟೆನಾ?

ಇಳಕಲ್ ಅಕ್ಕ: ನವನಗರ ತಮ್ಮಾ, ಇವರ ಜಗಳ ಮುಗಿಯುವಷ್ಟರಲ್ಲಿ ಹಾಲೋ ನೈಟ್ ಹಾಕಿ ನೋಡು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಯಾವುದು, ರ‍್ಯಾಮ್ ಎಷ್ಟು, ಬರಿ. 4 ಜಿಬಿ ಇದ್ದರೆ ಓಡುತ್ತೆ.