ನಾರಿ ಸುವರ್ಣದಲ್ಲಿ ಅವಳಿ ಮರಿ ದಿಢೀರ್ ಕಡಿಮೆ: ಕುದುರೆ ಮಸಾಲೆ ಕಾರಣ ಇರಬಹುದಾ?

ಶಿರಾ_ಕುರಿದೊಡ್ಡಿ:
ಕಟ್ಟಿ ಮೇಯಿಸುವ 36 ನಾರಿ ಸುವರ್ಣ (ಅವಳಿ ಮರಿಗೆ ಹೆಸರಾದ ತಳಿ) ಕುರಿಗಳಿವೆ. ಹಿಂದಿನ ಈತದಲ್ಲಿ ಅರ್ಧಕ್ಕಿಂತ ಹೆಚ್ಚು ಅವಳಿ. ಈ ಸಲ ಸ್ಕ್ಯಾನ್‌ನಲ್ಲಿ 30 ಗಬ್ಬ, ಅದರಲ್ಲಿ ಅವಳಿ 6 ಮಾತ್ರ. ಟಗರು ಅದೇ, ಹಾರುತ್ತದೆ. ಜಂತು ಔಷಧಿ ಆಗಿದೆ, ಮೈಕಟ್ಟು 5ಕ್ಕೆ 3ರ ಆಸುಪಾಸು. ಬದಲಾಗಿದ್ದು ಒಂದೇ: ಟಗರು ಬಿಡುವ 3 ವಾರ ಮೊದಲಿಂದ ಲೂಸರ್ನ್ ಏರಿಸಿ ಕುರಿಗೆ 3 ಕೆಜಿ ಹಸಿ ಕೊಟ್ಟೆ. ಜೊತೆಗೆ ಜೋಳದ ಸಪ್ಪೆ, ಶೇಂಗಾ ಹೊಟ್ಟು. ಒಳ್ಳೆ ಮೇವು ಕೊಟ್ಟರೆ ಅವಳಿ ಹೆಚ್ಚಬೇಕಲ್ವಾ?

ಮೇವುಕಟ್ಟು:
ಲೂಸರ್ನ್ ಅಂದರೆ ಯಾವುದು? ಬೇಲಿ ಮೆಂತೆಗೂ ಹೆಡ್ಜ್ ಲೂಸರ್ನ್ ಅಂತಾರೆ. ಅದು ಬೇರೆ ಗಿಡ, ನಿಮ್ಮ ಅನುಮಾನ ಅದಕ್ಕೆ ಅನ್ವಯಿಸಲ್ಲ. ನಿಮ್ಮದು ಕುದುರೆ ಮಸಾಲೆಯಾದರೆ ಕೆಳಗಿನ ಎಲೆ ನೋಡಿ ಹೇಳಿ, ಚುಕ್ಕೆ ಇದೆಯಾ? ಇನ್ನೊಂದು, ಕುರಿಗಳಿಗೆ ಫೆಕ್-ಬಿ (ಅವಳಿ ತರುವ) ಜೀನ್ ಪರೀಕ್ಷೆ ಆಗಿದೆಯಾ? ಆ ಜೀನ್ ಇಲ್ಲದ ಕುರಿಗೆ ನಾರಿ ಸುವರ್ಣ ಅಂತ ಹೆಸರಿಟ್ಟು ಮಾರುವುದೂ ಉಂಟು.

ಶಿರಾ_ಕುರಿದೊಡ್ಡಿ:
ಕುದುರೆ ಮಸಾಲೆಯೇ. ಪರೀಕ್ಷೆ ಆಗಿದೆ, ಎಲ್ಲದರಲ್ಲೂ ಒಂದೊಂದು ಪ್ರತಿ ಇದೆ. ಎಲೆ ಮೇಲೆ ಕರಿ ಚುಕ್ಕೆ ತುಂಬಾ ಇದೆ, ಬುಡದ ಎಲೆ ಹಳದಿಯಾಗಿ ಉದುರುತ್ತಿದೆ. ದನ, ಕುರಿ ಎರಡೂ ತಿಂತಾವೆ ಅಂತ ತಲೆ ಕೆಡಿಸಿಕೊಂಡಿರಲಿಲ್ಲ.

ಮೇವುಕಟ್ಟು:
ಹಾಗಾದರೆ ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ಚುಕ್ಕೆ ದುಂಡಗೆ, 1ರಿಂದ 3 ಮಿ.ಮೀ., ನಡುವೆ ಸಣ್ಣ ಉಬ್ಬು ಕಂಡರೆ ಅದು ಎಲೆಚುಕ್ಕೆ ಶಿಲೀಂಧ್ರ. ಬೆರಳಿಗೆ ಕೆಂಪುಗಂದು ಪುಡಿ ಹತ್ತಿದರೆ ತುಕ್ಕು ರೋಗ. ಎಲೆ ಅಂಟಂಟಾಗಿದ್ದರೆ ಗಿಡಹೇನು. ಯಾವುದೇ ಇರಲಿ, ಗಿಡ ತನ್ನ ರಕ್ಷಣೆಗೆಂದು ಕೌಮೆಸ್ಟ್ರಾಲ್ ಎಂಬ ರಾಸಾಯನಿಕ ತಯಾರಿಸುತ್ತದೆ. ಕುರಿಯ ದೇಹ ಅದನ್ನು ಈಸ್ಟ್ರೋಜನ್ (ಹೆಣ್ಣು ಹಾರ್ಮೋನು) ಎಂದೇ ತಿಳಿಯುತ್ತದೆ. ರೋಗವಿಲ್ಲದ ಎಳೆ ಲೂಸರ್ನ್‌ನಲ್ಲಿ ಅದು ತೀರಾ ಕಡಿಮೆ, ರೋಗ ಬಂದದ್ದರಲ್ಲಿ ಎಷ್ಟೋ ಪಟ್ಟು ಏರುತ್ತದೆ.

ತಿನ್ನುವ ಮೇವಿನ ಒಣ ತೂಕದಲ್ಲಿ ಕೌಮೆಸ್ಟ್ರಾಲ್ ಕೆಜಿಗೆ ಸುಮಾರು 25 ಮಿಲಿಗ್ರಾಂ ದಾಟಿದರೆ ಬಿಡುಗಡೆಯಾಗುವ ಅಂಡಗಳ ಸಂಖ್ಯೆ ಇಳಿಯುತ್ತದೆ. 3 ಕೆಜಿ ಹಸಿಯಲ್ಲಿ ಒಣ ಭಾಗ 600 ಗ್ರಾಂ ಹತ್ತಿರ, ಅಂದರೆ ನಿಮ್ಮ ಕುರಿಯ ದಿನದ ಮೇವಿನ ಅರ್ಧ. ಲೂಸರ್ನ್‌ನಲ್ಲಿ 100 ಇದ್ದರೆ ಒಟ್ಟಾರೆ 50 ಆಯಿತು.

ಕುರಿ ಬೆದೆಗೆ ಬರುತ್ತದೆ, ಹಾರಿಸಿಕೊಳ್ಳುತ್ತದೆ, ಹೆಚ್ಚಿನವು ಗಬ್ಬವೂ ಕಟ್ಟುತ್ತವೆ. ಎರಡು ಅಂಡ ಬಿಡಬೇಕಾದಲ್ಲಿ ಒಂದೇ ಬಿಡುವುದರಿಂದ ಒಂಟಿ ಮರಿ. ಸಾಮಾನ್ಯ ತಳಿಯಲ್ಲಿ ಇದು ಗೊತ್ತೇ ಆಗಲ್ಲ. ಅವಳಿ ತಳಿಯಲ್ಲಿ ಮೊದಲು ಪೆಟ್ಟು ಬೀಳುವುದು ಅಲ್ಲೇ. ಅವಳಿ ಹೆಚ್ಚಿಸಲು ಕೊಡುವ ಮೇವನ್ನೇ ಅವಳಿ ಕಳೆಯುವ ಹೊತ್ತಿಗೆ ಕೊಟ್ಟಿದ್ದೀರಿ.

ಮುಂದಿನ ಸಲ ಹೀಗೆ ಮಾಡಿ. ಬೆದೆ ಚಕ್ರ 16-17 ದಿನ, ಆದ್ದರಿಂದ ಕನಿಷ್ಠ ಒಂದು ಪೂರ್ತಿ ಚಕ್ರ ಮೊದಲೇ, ನಾನಾದರೆ 3 ವಾರ ಮೊದಲೇ, ಚುಕ್ಕೆ ಬಿದ್ದ ಲೂಸರ್ನ್ ಪೂರ್ತಿ ನಿಲ್ಲಿಸಿ. ಟಗರು ಒಳಗಿರುವಷ್ಟು ದಿನವೂ ಬೇಡ. ಬದಲಿಗೆ ದಿನಕ್ಕೆ 250-300 ಗ್ರಾಂ ಮುರಿದ ಮೆಕ್ಕೆಜೋಳ, 100 ಗ್ರಾಂ ಶೇಂಗಾ ಹಿಂಡಿ. ಮೆಕ್ಕೆಜೋಳ ಬೂಷ್ಟು ಹಿಡಿದಿದ್ದರೆ ಬಿಸಾಡಿ, ಅದರ ಜಿಯರಲೆನೋನ್ ಎಂಬ ವಿಷವೂ ಇದೇ ಆಟ ಆಡುತ್ತದೆ.

ಬೂದಾಳು_ಫಾರ್ಮ್:
ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ಮೇವಿನ ಗಿಡ ತಿಂದ ಕುರಿಗಳು ಶಾಶ್ವತವಾಗಿ ಬಂಜೆಯಾದವಂತೆ. ಶಿರಾದವರ ಕುರಿಗಳನ್ನೂ ಮಾರಿಬಿಡಬೇಕಾ?

ಪಶುವೈದ್ಯ_ಹಾವೇರಿ:
ಬೇಡ. ಅದು ಪಶ್ಚಿಮ ಆಸ್ಟ್ರೇಲಿಯಾದ ಕಥೆ, 1946ರಲ್ಲಿ ಬೆನೆಟ್ಸ್, ಅಂಡರ್‌ವುಡ್, ಶಿಯರ್ ವರದಿ ಮಾಡಿದ್ದು. ಅಲ್ಲಿನ ಸಬ್‌ಟೆರೇನಿಯನ್ ಕ್ಲೋವರ್‌ನಲ್ಲಿದ್ದದ್ದು ಫಾರ್ಮೊನೊನೆಟಿನ್ ಎಂಬ ಬೇರೆ ರಾಸಾಯನಿಕ. ರೂಮೆನ್‌ನ (ಕುರಿಯ ಮೊದಲ ಹೊಟ್ಟೆಯ) ಸೂಕ್ಷ್ಮಾಣುಗಳು ಅದನ್ನು ಈಕ್ವಾಲ್ ಆಗಿ ಮಾರ್ಪಡಿಸುತ್ತವೆ, ಕೆಲಸ ಕೆಡಿಸುವುದು ಅದು. ಡ್ವಾಲ್ಗನಪ್, ಯಾರ್ಲೂಪ್ ಎಂಬ ಕ್ಲೋವರ್ ತಳಿಗಳನ್ನು ವರ್ಷಗಟ್ಟಲೆ ಮೇಯ್ದ ಕುರಿಗಳ ಗರ್ಭಕೊರಳಿನ ರಚನೆಯೇ ಬದಲಾಗಿ, ಲೋಳೆ ನೀರಾಗಿ, ವೀರ್ಯ ಮೇಲೇರುತ್ತಿರಲಿಲ್ಲ. ಟಗರು ಹಾರಿದರೂ ಕುರಿ ಮತ್ತೆ ಮತ್ತೆ ಬೆದೆಗೆ ಬರುತ್ತಿತ್ತು. ಅಲ್ಲಿನ ಬೀಜ ಒಡೆದ ಗಂಡು ಕುರಿಗಳಿಗೂ ಮೊಲೆತೊಟ್ಟು ಉದ್ದವಾಗಿ ಹಾಲು ಇಳಿದ ಉದಾಹರಣೆಗಳಿವೆ. ಲೂಸರ್ನ್‌ನ ಪರಿಣಾಮ ಮುಖ್ಯವಾಗಿ ತಾತ್ಕಾಲಿಕ, ನಿಲ್ಲಿಸಿದ ಕೆಲವು ವಾರಗಳಲ್ಲಿ ಹೋಗುತ್ತದೆ.

ಖಚಿತ ಮಾಡಿಕೊಳ್ಳಲು ಕುರಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಲೂಸರ್ನ್ ನಿಲ್ಲಿಸಿ, ಉಳಿದ ಮೇವು ಒಂದೇ ಇರಲಿ. ಟಗರಿನ ಎದೆಗೆ ಕೆಮ್ಮಣ್ಣು ಎಣ್ಣೆಯಲ್ಲಿ ಕಲಸಿ ಬಳಿಯಿರಿ, 17 ದಿನಕ್ಕೆ ಬಣ್ಣ ಬದಲಿಸಿ. ಹಾರಿದ ಕುರಿಯ ಬೆನ್ನಿಗೆ ಬಣ್ಣ ಹತ್ತುತ್ತದೆ, ಎರಡನೇ ಬಣ್ಣವೂ ಬಿದ್ದ ಕುರಿ ಮೊದಲ ಸಲ ಗಬ್ಬ ನಿಂತಿಲ್ಲ. ಹಾರಿ 45 ದಿನ ದಾಟಿದ ಮೇಲೆ ಸ್ಕ್ಯಾನ್‌ನಲ್ಲಿ ಎರಡೂ ಪಾಲಿನ ಮರಿ ಎಣಿಸಿ. ಚುಕ್ಕೆ ಬಿದ್ದ ಲೂಸರ್ನ್ ತಿಂದ ಪಾಲಲ್ಲಿ ಒಂಟಿ ಹೆಚ್ಚಿದ್ದು, ಎರಡನೇ ಬಣ್ಣ ಎರಡರಲ್ಲೂ ಒಂದೇ ಸಮ ಇದ್ದರೆ ಕೌಮೆಸ್ಟ್ರಾಲ್ ಎನ್ನಿ. ಎರಡೂ ಕಡೆ ಎರಡನೇ ಬಣ್ಣ ಜಾಸ್ತಿಯಿದ್ದರೆ ಟಗರಿನ ವೀರ್ಯ ಪರೀಕ್ಷೆ ಮಾಡಿಸಿ, ಹಾರುತ್ತದೆ ಎಂದ ಮಾತ್ರಕ್ಕೆ ಸರಿ ಎನ್ನಲಾಗದು.

ಶಿರಾ_ಕುರಿದೊಡ್ಡಿ:
ಈಗಿರುವ ಲೂಸರ್ನ್ ಒಣಗಿಸಿ ಇಟ್ಟರೆ ಸರಿಹೋಗುತ್ತಾ? ಔಷಧಿ ಹೊಡೀಲಾ?

ಮೇವುಕಟ್ಟು:
ಒಣಗಿಸಿದರೆ ಕೌಮೆಸ್ಟ್ರಾಲ್ ಹೋಗಲ್ಲ, ಒಣಮೇವಲ್ಲೂ ಉಳಿಯುತ್ತದೆ. ಮೇವಿನ ಬೆಳೆಗೆ ಔಷಧಿಯೂ ಬೇಡ. 5-7 ಸೆಂ.ಮೀ. ಬಿಟ್ಟು ಕೊಯ್ದು, ಉದುರಿದ ಎಲೆ ಗುಡಿಸಿ ತೆಗೆಯಿರಿ. ಸ್ಪ್ರಿಂಕ್ಲರ್ ಇದ್ದರೆ ಸಂಜೆ ಬಿಟ್ಟು ಬೆಳಿಗ್ಗೆ ಹಾಕಿ, ಎಲೆ ಬೇಗ ಒಣಗಲಿ. ಮುಂದಿನ ಕೊಯ್ಲು ಹೂ ಕಾಣಿಸಿಕೊಳ್ಳುವಾಗಲೇ, ಚುಕ್ಕೆ ಬಂದರೆ ಅದಕ್ಕೂ ಮೊದಲು. ಈಗ ಕೊಯ್ದದ್ದನ್ನು ಮಾಂಸಕ್ಕೆ ಬೆಳೆಸುವ ಮರಿಗಳಿಗೆ ಹಾಕಿ. ಮುಂದೆ ತಾಯಾಗಲಿರುವ ಹೆಣ್ಣುಮರಿಗಳನ್ನು ಆ ಗೋದಲಿಯಿಂದ ಬೇರೆ ಕಟ್ಟಿ.